ಮಿಲಿ ವನಿಲಿ ಮಾಡಿದ್ದು ಮೋಸ ಅಂತಾದರೆ ನಮ್ಮ ಹಿನ್ನೆಲೆ ಗಾಯನ ಏನು?

ನೀವು ಕೇಳಿರುವುದು ಇಷ್ಟು: ಮಿಲಿ ವನಿಲಿ ಎಂಬ ಪಾಪ್ ಜೋಡಿ ಬೇರೆಯವರ ದನಿಗೆ ತುಟಿ ಆಡಿಸಿತು ಅಂತ ಅವರಿಗೆ ಕೊಟ್ಟ ಗ್ರ್ಯಾಮಿಯನ್ನೇ, ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಯನ್ನೇ, ಕಿತ್ತುಕೊಂಡರು. ನಮ್ಮ ಸಿನಿಮಾ ನಾಯಕರು ದಶಕಗಳಿಂದ ಅದನ್ನೇ ಮಾಡುತ್ತಿದ್ದಾರೆ, ಅಲ್ವಾ? ಹಾಗಿದ್ದರೆ ಅಲ್ಲಿ ಅಷ್ಟು ಗಲಾಟೆ ಯಾಕಾಯಿತು? ಆ ಇಬ್ಬರಿಗೆ ನಿಜವಾಗಿಯೂ ಹಾಡಲು ಬರುತ್ತಿರಲಿಲ್ಲವಾ?

ಎಂಬತ್ತರ ದಶಕದ ಪಾಪ್ ಹಾಡುಗಳನ್ನು ಕ್ಯಾಸೆಟ್‌ನಲ್ಲಿ ಕೇಳಿ ಬೆಳೆದವನು ನಾನು. ಈ ಪ್ರಕರಣ ಇವತ್ತಿಗೂ ನನ್ನನ್ನು ಕಾಡುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತುಟಿ ಆಡಿಸಿದ್ದರಲ್ಲಿ ದೊಡ್ಡ ತಪ್ಪೇನೂ ಇಲ್ಲ. ಹಾಡಿದವರ ಹೆಸರು ಮುಚ್ಚಿಟ್ಟು, ಹಾಡದವರ ಹೆಸರು ಬರೆದದ್ದು ತಪ್ಪು. ಆ ತಪ್ಪಿನ ಯೋಜನೆ ಮಾಡಿದವರು ಹೆಚ್ಚು ಕಡಿಮೆ ಹಾಗೇ ಪಾರಾದರು. ವೇದಿಕೆ ಮೇಲೆ ನಿಂತ ಇಬ್ಬರು ಹುಡುಗರು ಎಲ್ಲ ಕಳೆದುಕೊಂಡರು.

ಕಥೆ ಶುರುವಾಗುವುದು ಫ್ರಾಂಕ್ ಫಾರಿಯನ್ ಎಂಬ ಜರ್ಮನ್ ನಿರ್ಮಾಪಕನಿಂದ. ಈ ಹೆಸರು ಗೊತ್ತಿಲ್ಲದಿದ್ದರೂ ಅವನ ಕೆಲಸವನ್ನು ನೀವು ಖಂಡಿತ ಕೇಳಿರುತ್ತೀರಿ. ಬೋನಿ ಎಂ ತಂಡ ಕಟ್ಟಿದವನು ಅವನೇ. ಭಾರತದಲ್ಲಿ ಬೋನಿ ಎಂ ಕ್ಯಾಸೆಟ್ ಇಲ್ಲದ ಅಂಗಡಿಯೇ ಇರಲಿಲ್ಲವೇನೋ ಅನ್ನುವ ಕಾಲ ಅದು. ಆ ತಂಡದಲ್ಲಿ ಬಾಬಿ ಫ್ಯಾರೆಲ್ ಎಂಬ ಅದ್ಭುತ ಡಾನ್ಸರ್ ಇದ್ದ. ರೆಕಾರ್ಡಿನಲ್ಲಿ ನಾವು ಕೇಳುವ ಆ ಗಡಸು ಗಂಡು ದನಿ ಮಾತ್ರ ಬಾಬಿಯದಲ್ಲ, ಸ್ಟುಡಿಯೋದಲ್ಲಿ ಹಾಡಿದ ಫಾರಿಯನ್‌ನದು. ತಂಡದ ನಾಲ್ವರಲ್ಲಿ ರೆಕಾರ್ಡಿಗೆ ನಿಜವಾಗಿ ಹಾಡಿದವರು ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಇಬ್ಬರೇ. ಈ ವಿಷಯ ಎಪ್ಪತ್ತರ ದಶಕದಲ್ಲೇ ಹೊರಬಂತು. ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಜನ ಕುಣಿದರು, ರೆಕಾರ್ಡ್ ಮಾರಾಟವಾಯಿತು. ಹತ್ತು ವರ್ಷದ ನಂತರ ಅದೇ ಸೂತ್ರವನ್ನು ಇನ್ನೂ ದೊಡ್ಡದಾಗಿ ಮಾಡಬಹುದು ಅಂತ ಫಾರಿಯನ್‌ಗೆ ಧೈರ್ಯ ಬಂದದ್ದು ಇಲ್ಲಿಂದಲೇ ಅಂತ ನನಗನ್ನಿಸುತ್ತದೆ.

ರಾಬ್ ಪಿಲಾಟಸ್ ಮ್ಯೂನಿಕ್‌ನ ಹುಡುಗ. ತಂದೆ ಅಮೆರಿಕದ ಸೈನಿಕ, ತಾಯಿ ಜರ್ಮನ್. ಬೇರೆ ಮನೆಯವರು ದತ್ತು ತೆಗೆದುಕೊಂಡು ಸಾಕಿದ್ದರು. ಫ್ಯಾಬ್ ಮೋರ್ವಾನ್ ಪ್ಯಾರಿಸ್‌ನಲ್ಲಿ ಹುಟ್ಟಿದವನು. ಮಿಲಿ ವನಿಲಿ ಅಂದರೆ ಇವರಿಬ್ಬರೇ. ಇಬ್ಬರೂ ಡಾನ್ಸರ್‌ಗಳು. ಕೈಯಲ್ಲಿ ಕಾಸಿಲ್ಲ, ಕಣ್ಣಲ್ಲಿ ಮಾತ್ರ ದೊಡ್ಡ ಕನಸು. 1988ರಲ್ಲಿ ಫಾರಿಯನ್ ಜೊತೆ ಕರಾರಿಗೆ ಸಹಿ ಹಾಕಿದರು, ಮುಂಗಡ ಹಣ ಪಡೆದರು, ಅದನ್ನು ಖರ್ಚೂ ಮಾಡಿದರು. ಆಮೇಲೆ ಗೊತ್ತಾಯಿತು, ಹಾಡು ಆಗಲೇ ಬೇರೆಯವರ ದನಿಯಲ್ಲಿ ಸಿದ್ಧವಾಗಿದೆ ಅಂತ. ಅವರು ಹೇಳುವ ಪ್ರಕಾರ, ಒಲ್ಲೆ ಅಂದರೆ ಮುಂಗಡ ಪೂರ್ತಿ ವಾಪಸ್ ಕೊಡಬೇಕಿತ್ತು. ಕೊಡಲು ಅವರ ಬಳಿ ಏನೂ ಇರಲಿಲ್ಲ. ಒಪ್ಪಿಕೊಂಡರು.

ಹಾಡಿದವರು ಯಾರು? ಬ್ರಾಡ್ ಹೋವೆಲ್, ಜಾನ್ ಡೇವಿಸ್, ಮತ್ತು ರ‍್ಯಾಪ್ ಭಾಗಕ್ಕೆ ಚಾರ್ಲ್ಸ್ ಶಾ. ಇವರು ಜರ್ಮನಿಯಲ್ಲಿ ನೆಲೆಸಿದ್ದ ಅಮೆರಿಕನ್ನರು. ಒಳ್ಳೆಯ ಗಾಯಕರು. ಅವರ ವಯಸ್ಸು, ರೂಪ ಎಂಟಿವಿ ಕಾಲಕ್ಕೆ ಹೊಂದುವುದಿಲ್ಲ ಎಂಬುದು ನಿರ್ಮಾಪಕನ ಲೆಕ್ಕಾಚಾರ. ಹಾಡಿಗಿಂತ ವಿಡಿಯೋ ಮುಖ್ಯವಾಗಿದ್ದ ದಿನಗಳವು. ತಾನು ಹಾಡಿದ್ದಕ್ಕೆ ಬೇರೊಬ್ಬ ತುಟಿ ಆಡಿಸುತ್ತಿದ್ದಾನೆ ಅಂತ ಜಾನ್ ಡೇವಿಸ್‌ಗೆ ಗೊತ್ತಾದದ್ದು ಮನೆಯಲ್ಲಿ ಕೂತು ಟಿವಿ ನೋಡುವಾಗ. ಅವರೇ ಸಂದರ್ಶನದಲ್ಲಿ ಹೇಳಿದ್ದು ಇದು. ಓದಿದಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ಆಮೇಲಿನದು ಬಿರುಗಾಳಿ. 1989ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮಿಲಿ ವನಿಲಿಯ ಮೂರು ಹಾಡುಗಳು ಮೊದಲ ಸ್ಥಾನಕ್ಕೆ ಹೋದವು. ಅಮೆರಿಕ ಒಂದರಲ್ಲೇ ಆಲ್ಬಮ್ 60 ಲಕ್ಷ ಪ್ರತಿ ದಾಟಿತು. ಅದೇ ವರ್ಷ ಕನೆಕ್ಟಿಕಟ್‌ನ ಬ್ರಿಸ್ಟಲ್‌ನಲ್ಲಿ ಕಾರ್ಯಕ್ರಮ ನಡೆಯುವಾಗ, ಹಿಂದೆ ನುಡಿಸುತ್ತಿದ್ದ ರೆಕಾರ್ಡಿಂಗ್ ಸಿಕ್ಕಿಹಾಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು. ರಾಬ್ ಗಾಬರಿಯಾಗಿ ವೇದಿಕೆಯಿಂದ ಓಡಿಹೋದ. ವರ್ಷದ ಕೊನೆಗೆ ಚಾರ್ಲ್ಸ್ ಶಾ ಪತ್ರಕರ್ತರೊಬ್ಬರಿಗೆ ನಿಜ ಹೇಳಿದ, ನಂತರ ಮಾತು ವಾಪಸ್ ತೆಗೆದುಕೊಂಡ. ಅದಕ್ಕಾಗಿ ಫಾರಿಯನ್ 1,50,000 ಡಾಲರ್ ಕೊಟ್ಟ ಅಂತ ವರದಿಯಾಯಿತು.

ಇಷ್ಟೆಲ್ಲ ಆದ ಮೇಲೂ 1990ರ ಫೆಬ್ರವರಿಯಲ್ಲಿ ಅವರಿಗೆ ಅತ್ಯುತ್ತಮ ಹೊಸ ಕಲಾವಿದರ ಗ್ರ್ಯಾಮಿ ಕೊಟ್ಟರು! ಆ ಸಮಾರಂಭದಲ್ಲೂ ಅವರು ರೆಕಾರ್ಡಿಗೆ ತುಟಿ ಆಡಿಸಿಯೇ ಕಾರ್ಯಕ್ರಮ ಕೊಟ್ಟಿದ್ದರು. ಸಂಗೀತವೇ ಉಸಿರು ಅನ್ನುವ ಜನ ಕೂತಿದ್ದ ಸಭೆ ಅದು.

ಮುಂದಿನ ಆಲ್ಬಮ್‌ನಲ್ಲಿ ನಾವೇ ಹಾಡುತ್ತೇವೆ ಅಂತ ರಾಬ್ ಮತ್ತು ಫ್ಯಾಬ್ ಹಟ ಹಿಡಿದರು. ಫಾರಿಯನ್ ಒಪ್ಪಲಿಲ್ಲ. 1990ರ ನವೆಂಬರ್‌ನಲ್ಲಿ ಇಬ್ಬರನ್ನೂ ತೆಗೆದುಹಾಕಿ, ಹಾಡಿದ್ದು ಇವರಲ್ಲ ಅಂತ ತಾನೇ ಪತ್ರಿಕೆಗಳಿಗೆ ಹೇಳಿದ. ಕೆಲವೇ ದಿನಗಳಲ್ಲಿ ಗ್ರ್ಯಾಮಿ ಸಂಸ್ಥೆ ಪ್ರಶಸ್ತಿ ರದ್ದು ಮಾಡಿತು. ಹಾಗೆ ಪ್ರಶಸ್ತಿ ವಾಪಸ್ ಪಡೆದದ್ದು ಅದೇ ಮೊದಲು. ಲಾಸ್ ಏಂಜಲೀಸ್‌ನಲ್ಲಿ ಇಬ್ಬರೂ ಪತ್ರಕರ್ತರ ಮುಂದೆ ಕೂತು ತಪ್ಪೊಪ್ಪಿಕೊಂಡರು. ನಮಗೂ ಹಾಡಲು ಬರುತ್ತದೆ ಅಂತ ಅಲ್ಲೇ ಹಾಡಿಯೂ ತೋರಿಸಿದರು. ಕೇಳುವ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ.

ಈಗ ನಮ್ಮ ಹಿನ್ನೆಲೆ ಗಾಯನದ ವಿಷಯ. ಡಾ. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದದ್ದು ಯಾರಿಗೂ ಗುಟ್ಟಾಗಿರಲಿಲ್ಲ. ಸಿನಿಮಾ ಶುರುವಾಗುವಾಗಲೇ ಪರದೆ ಮೇಲೆ ಹೆಸರು. ಆಕಾಶವಾಣಿಯಲ್ಲಿ ಚಿತ್ರಗೀತೆ ಹಾಕುವಾಗ ಗಾಯಕರ ಹೆಸರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ 'ಯಾರೇ ಕೂಗಾಡಲಿ' ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದಾಗ ಜನಕ್ಕೆ ಅದು ಹಬ್ಬವಾಯಿತು. ಯಾಕೆಂದರೆ ಅದುವರೆಗಿನ ದನಿ ಯಾರದು ಅಂತ ಎಲ್ಲರಿಗೂ ಗೊತ್ತಿತ್ತು.

ನಾವು ಮೊದಲಿನಿಂದಲೂ ಹೀಗೇ ಪ್ರಾಮಾಣಿಕರಾಗಿದ್ದೆವು ಅಂತ ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. 1949ರ ಹಿಂದಿ ಚಿತ್ರ 'ಮಹಲ್' ನೆನಪಿಸಿಕೊಳ್ಳಿ. 'ಆಯೇಗಾ ಆನೇವಾಲಾ' ಹಾಡಿನ ರೆಕಾರ್ಡ್ ಮೇಲೆ ಗಾಯಕಿಯ ಹೆಸರು ಕಾಮಿನಿ ಅಂತಿತ್ತು. ಅದು ಚಿತ್ರದ ಪಾತ್ರದ ಹೆಸರು! ಈ ದನಿ ಯಾರದು ಅಂತ ಕೇಳುಗರು ರೇಡಿಯೋಗೆ ಪತ್ರ ಬರೆದು ಕೇಳಿದ ಮೇಲೆ ಲತಾ ಮಂಗೇಶ್ಕರ್ ಹೆಸರು ಹೊರಬಂತು. ಅಂದರೆ ಹಾಡುವವರ ಹೆಸರು ನಮ್ಮಲ್ಲೂ ಸುಮ್ನೆ ಬಂದದ್ದಲ್ಲ. ಕೇಳಿ ಪಡೆದದ್ದು.

ಮಿಲಿ ವನಿಲಿ ವಿಷಯದಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುವುದು ಆಲ್ಬಮ್ ಹೊದಿಕೆಯ ಒಂದು ಸಣ್ಣ ಸಾಲು. ಯುರೋಪಿನಲ್ಲಿ ಬಂದ ಆವೃತ್ತಿಯಲ್ಲಿ ಗಾಯನ ರಾಬ್ ಮತ್ತು ಫ್ಯಾಬ್ ಅವರದು ಅಂತ ಬರೆದಿರಲಿಲ್ಲ. ಅಮೆರಿಕದ ಆವೃತ್ತಿಯಲ್ಲಿ ಬರೆದರು. ಅದನ್ನು ಆ ಇಬ್ಬರು ಡಾನ್ಸರ್‌ಗಳು ಕೂತು ಅಚ್ಚು ಹಾಕಿಸಲಿಲ್ಲ. ತಮಗೇನೂ ಗೊತ್ತಿರಲಿಲ್ಲ ಅಂತ ಅಲ್ಲಿನ ರೆಕಾರ್ಡ್ ಕಂಪನಿ ಅರಿಸ್ಟಾ ಹೇಳಿತು. ಕೊಂಡವರು ಕೋರ್ಟಿಗೆ ಹೋದರು, ಹಣದ ಒಂದು ಭಾಗ ವಾಪಸ್ ಕೊಡುವ ಒಪ್ಪಂದವಾಯಿತು. ಅಲ್ಲಿಗೆ ಕಂಪನಿಯ ಲೆಕ್ಕ ಮುಗಿಯಿತು.

ಅದೇ ಹೊತ್ತಿಗೆ ಮಾರ್ಥಾ ವಾಶ್ ಎಂಬ ಗಾಯಕಿಗೂ ಹೀಗೇ ಆಗಿತ್ತು. ಬ್ಲ್ಯಾಕ್ ಬಾಕ್ಸ್ ಮತ್ತು ಸಿ ಅಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿ ತಂಡಗಳ ಹಾಡುಗಳಿಗೆ ದನಿ ಅವರದು, ವಿಡಿಯೋದಲ್ಲಿ ತೆಳ್ಳಗಿನ ಬೇರೆ ಹುಡುಗಿಯರು. ದಪ್ಪಗಿದ್ದಾರೆ ಅಂತ ಅವರನ್ನು ಮರೆಯಲ್ಲಿಟ್ಟಿದ್ದರು. ಮಾರ್ಥಾ ಸುಮ್ಮನಿರಲಿಲ್ಲ. ಕೇಸು ಹಾಕಿ ತನ್ನ ಹೆಸರು ಪಡೆದುಕೊಂಡರು. ಈ ಇಡೀ ಅಧ್ಯಾಯದಲ್ಲಿ ನಾನು ತುಂಬಾ ಗೌರವಿಸುವ ವ್ಯಕ್ತಿ ಅವರು.

ರಾಬ್ ಮತ್ತು ಫ್ಯಾಬ್ ಪೂರ್ತಿ ಅಮಾಯಕರು ಅಂತ ನಾನು ಹೇಳುವುದಿಲ್ಲ. ಹಣ, ಹೆಸರು ಎರಡನ್ನೂ ಅನುಭವಿಸಿದರು. ಬಾಬ್ ಡಿಲನ್, ಪಾಲ್ ಮೆಕಾರ್ಟ್ನಿಗಿಂತ ತಾನು ಮೇಲು ಎಂಬರ್ಥದ ರಾಬ್‌ನ ಮಾತು ಪತ್ರಿಕೆಯಲ್ಲಿ ಬಂದಾಗ ಜನ ಕೆರಳಿದ್ದು ಸಹಜ. ಆದರೆ ಲೆಕ್ಕ ನೋಡಿ. ಫಾರಿಯನ್ ತೊಂಬತ್ತರ ದಶಕದಲ್ಲೂ ಲಾ ಬೂಶ್, ನೋ ಮರ್ಸಿ ತಂಡಗಳ ಹಾಡುಗಳಿಂದ ಯಶಸ್ಸು ಕಂಡು, 2024ರಲ್ಲಿ 82ನೇ ವಯಸ್ಸಿನಲ್ಲಿ ತೀರಿಕೊಂಡ. ರಾಬ್ ಮಾದಕ ವ್ಯಸನಕ್ಕೆ ಬಿದ್ದ, ಜೈಲಿಗೂ ಹೋದ. 1998ರ ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್ ಬಳಿಯ ಹೋಟೆಲ್ ಕೋಣೆಯಲ್ಲಿ, ಕುಡಿತ ಮತ್ತು ಮಾತ್ರೆಗಳಿಂದ ಸತ್ತು ಸಿಕ್ಕ. ಅದನ್ನು ಆಕಸ್ಮಿಕ ಸಾವು ಅಂತ ತೀರ್ಮಾನಿಸಿದರು. ಹೊಸದಾಗಿ ಶುರುಮಾಡಲು ಫಾರಿಯನ್ ಜೊತೆಗೇ ಮತ್ತೊಂದು ಆಲ್ಬಮ್ ಸಿದ್ಧವಾಗುತ್ತಿದ್ದ ಹೊತ್ತು ಅದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಹಾಡಲು ಬರುತ್ತಿತ್ತಾ? 1993ರಲ್ಲಿ 'ರಾಬ್ ಅಂಡ್ ಫ್ಯಾಬ್' ಅಂತ ತಮ್ಮದೇ ದನಿಯಲ್ಲಿ ಒಂದು ಆಲ್ಬಮ್ ತಂದರು. ಸುಮಾರು 2,000 ಪ್ರತಿ ಮಾತ್ರ ಹೋದವು ಅಂತಾರೆ. ಅದರ ಹಾಡುಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ನನ್ನ ಕಿವಿಗೆ ಫ್ಯಾಬ್ ದನಿ ಚೆನ್ನಾಗಿಯೇ ಇದೆ. ಬ್ರಾಡ್ ಹೋವೆಲ್‌ನ ತೂಕ ಇಲ್ಲ, ಆದರೆ ನಗೆಪಾಟಲು ಮಾಡುವಂಥದ್ದೂ ಅಲ್ಲ. ಫ್ಯಾಬ್ ಅಲ್ಲಿಂದ ಹಾಡುವುದು ಬಿಡಲಿಲ್ಲ. ಮುಂದೆ ಜಾನ್ ಡೇವಿಸ್ ಮತ್ತು ಫ್ಯಾಬ್ ಒಂದೇ ವೇದಿಕೆಯಲ್ಲಿ ನಿಂತು ಹಾಡಿದರು. ಜಾನ್ 2021ರಲ್ಲಿ ಕೋವಿಡ್‌ಗೆ ಬಲಿಯಾದರು. ಸಮಯ ಸಿಕ್ಕರೆ ಆ ಇಬ್ಬರು ಜೊತೆಯಾಗಿ ಹಾಡಿರುವ ವಿಡಿಯೋ ಹುಡುಕಿ ನೋಡಿ, ಆಮೇಲೆ 1989ರ ರೆಕಾರ್ಡ್ ಹಾಕಿ. ಅದರಲ್ಲಿ ಜಾನ್ ಹಾಡಿದ ಸಾಲುಗಳು ಯಾವುವು ಅಂತ ನಿಮಗೇ ಗೊತ್ತಾಗುತ್ತದೆ.