ಒಂದೇ ಮೇಲ್ ಸರ್ವರಿನಲ್ಲಿ ಮೂರು ಡೊಮೇನ್‌ಗಳನ್ನು ನಡೆಸುವ ಬಗ್ಗೆ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಶಿರಸಿಯ ಅಡಿಕೆ ಮತ್ತು ಕಾಳುಮೆಣಸಿನ ವ್ಯಾಪಾರಕ್ಕೆ ಒಂದು ಡೊಮೇನ್ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರು) ಇದೆ, ಕುಮಟಾ ಹತ್ತಿರದ ಹೋಂಸ್ಟೇಗೆ ಇನ್ನೊಂದಿದೆ, ಈಗ ನಿಮ್ಮ ತಮ್ಮ ಮುರುಗಲು ಮತ್ತು ಜೇನುತುಪ್ಪದ ಮಾರಾಟಕ್ಕೆಂದು ಮೂರನೆಯದನ್ನು ಕೊಂಡಿದ್ದಾರೆ. ಈ ಮೂರರ ಇಮೇಲನ್ನೂ ಅಂಗಡಿಯಲ್ಲಿರುವ ಒಂದೇ ಲಿನಕ್ಸ್ ಯಂತ್ರದಲ್ಲಿ ನಡೆಸಬಹುದೇ, ಪ್ರತಿ ಡೊಮೇನ್‌ಗೂ ಬೇರೆ ಐಪಿ ವಿಳಾಸ (ಅಂತರಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಬೇಕೇ, ಮೂರರಲ್ಲೂ ‘ಇನ್ಫೋ’ ಎಂಬ ವಿಳಾಸ ಇರುವುದರಿಂದ ಪತ್ರಗಳು ಬೆರೆತುಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಕಾರವಾರದಲ್ಲಿ ಕೆಲವು ಸಣ್ಣ ಉದ್ದಿಮೆಗಳ ಮೇಲ್ ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಒಂದೇ ಸರ್ವರ್ ಸಾಕು, ಒಂದೇ ಐಪಿ ಸಾಕು, ಸರಿಯಾಗಿ ಹೊಂದಿಸಿದರೆ ಪತ್ರಗಳು ಬೆರೆಯುವುದಿಲ್ಲ. ಆದರೆ ಅಂಗಡಿಯ ಯಂತ್ರವನ್ನು ಇದಕ್ಕೆ ಬಳಸಬೇಡಿ. ಡೊಮೇನ್‌ಗಳು ಮೂರಿರಲಿ, ಮೂವತ್ತಿರಲಿ, ತಂತ್ರಾಂಶಕ್ಕೆ ಅದು ಭಾರವೇ ಅಲ್ಲ. ಕಷ್ಟವಿರುವುದು ಎರಡು ಕಡೆ. ಪ್ರತಿ ಡೊಮೇನ್‌ಗೂ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರುಗಳ ಸಾರ್ವಜನಿಕ ದಾಖಲೆಗಳ ವ್ಯವಸ್ಥೆ) ಅದರದೇ ಗುರುತನ್ನು ಕೊಡಬೇಕು. ಮತ್ತು ಒಂದೇ ಐಪಿಯನ್ನು ಹಂಚಿಕೊಂಡಿರುವ ಮೂರೂ ಉದ್ದಿಮೆಗಳು ಒಂದೇ ಹೆಸರು ಕೆಡಿಸಿಕೊಳ್ಳುವ ಅಥವಾ ಉಳಿಸಿಕೊಳ್ಳುವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ಮರೆಯದೆ ನಡೆದುಕೊಳ್ಳಬೇಕು.

ಅಂಗಡಿಯ ಯಂತ್ರ ಏಕೆ ಬೇಡವೆಂದರೆ, ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕದ ಐಪಿ ಆಗಾಗ ಬದಲಾಗುತ್ತದೆ, ಹೊರಗೆ ಹೋಗುವ 25ನೆಯ ಪೋರ್ಟನ್ನು (ಸರ್ವರಿನಿಂದ ಸರ್ವರಿಗೆ ಪತ್ರ ಸಾಗುವ ದಾರಿ) ಸೇವಾದಾರರು ಹಲವು ಕಡೆ ಮುಚ್ಚಿರುತ್ತಾರೆ, ಮತ್ತು ಇಂಥ ಮನೆಬಳಕೆಯ ಐಪಿ ಶ್ರೇಣಿಗಳು ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ (ನೇರವಾಗಿ ಪತ್ರ ಕಳುಹಿಸಬಾರದ ಐಪಿಗಳ ಪಟ್ಟಿ) ಮೊದಲೇ ಸೇರಿರುವುದರಿಂದ ಅಲ್ಲಿಂದ ನೇರವಾಗಿ ಬಂದ ಪತ್ರವನ್ನು ಅನೇಕ ಸರ್ವರುಗಳು ತೆರೆದೂ ನೋಡದೆ ತಿರಸ್ಕರಿಸುತ್ತವೆ. ಮಳೆಗಾಲದ ಮಾತು ಬೇರೆ. ಘಟ್ಟದ ಮೇಲೆ ಮರ ಬಿದ್ದು ವಿದ್ಯುತ್ತೂ ಫೈಬರ್ ತಂತಿಯೂ ಒಟ್ಟಿಗೆ ಹೋಗುವುದು ನಿಮಗೆ ಹೊಸದಲ್ಲ. ಹಾಗೆ ಒಂದು ದಿನ ಸರ್ವರ್ ನಿಂತರೂ ಬರುವ ಪತ್ರಗಳು ಕೂಡಲೇ ಕಳೆದುಹೋಗುವುದಿಲ್ಲ ಎಂಬುದು ನಿಜ. ಇಮೇಲ್ ಸಾಗಣೆಯ ಎಸ್‌ಎಂಟಿಪಿ ನಿಯಮದಂತೆ ಕಳುಹಿಸುವ ಸರ್ವರ್ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕು, ಪತ್ರಗಳನ್ನು ಕಳುಹಿಸುವ ಮತ್ತು ಸ್ವೀಕರಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ ತಾನಾಗಿಯೇ 5 ದಿನ ಕಾಯುತ್ತದೆ. ಆದರೆ ಹೋಂಸ್ಟೇಗೆ ಕೋಣೆ ಕೇಳಿ ಬರೆದವರು ಐದು ದಿನ ಕಾಯುವುದಿಲ್ಲ. ಆದ್ದರಿಂದ ಯಾವುದಾದರೂ ಡೇಟಾ ಸೆಂಟರಿನಲ್ಲಿ ಸ್ಥಿರ ಐಪಿ ಇರುವ ಸಣ್ಣ ವಿಪಿಎಸ್ (ವರ್ಚುವಲ್ ಸರ್ವರ್) ಬಾಡಿಗೆಗೆ ಪಡೆಯಿರಿ. ಹಣ ಕೊಡುವ ಮೊದಲು ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಿ: 25ನೆಯ ಪೋರ್ಟ್ ತೆರೆದುಕೊಡುತ್ತಾರೆಯೇ, ಮತ್ತು ಪಿಟಿಆರ್ ದಾಖಲೆಯನ್ನು (ಐಪಿಯಿಂದ ಸರ್ವರಿನ ಹೆಸರನ್ನು ತಿಳಿಸುವ ಡಿಎನ್‌ಎಸ್ ದಾಖಲೆ) ನಾವು ಹೇಳಿದ ಹೆಸರಿಗೆ ಬರೆದುಕೊಡುತ್ತಾರೆಯೇ. ಇವೆರಡರಲ್ಲಿ ಒಂದಿಲ್ಲದಿದ್ದರೂ ಆ ಸೇವೆ ನಿಮಗೆ ಉಪಯೋಗವಿಲ್ಲ.

ಈಗ ನಿಮ್ಮ ‘ಇನ್ಫೋ’ ಪ್ರಶ್ನೆ. ಇದು ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಪೋಸ್ಟ್‌ಫಿಕ್ಸ್‌ನಲ್ಲಿ ಒಂದು ಡೊಮೇನನ್ನು ‘ತನ್ನದು’ ಎಂದು ತಿಳಿಸಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ‘ಮೈಡೆಸ್ಟಿನೇಶನ್’ ಎಂಬ ಸಾಲಿನಲ್ಲಿ ಮೂರೂ ಡೊಮೇನ್‌ಗಳನ್ನು ಬರೆದರೆ ಸರ್ವರ್ @ ಚಿಹ್ನೆಯ ಎಡಭಾಗದ ಹೆಸರನ್ನು ಮಾತ್ರ ನೋಡುತ್ತದೆ. ಆಗ ಮೂರು ಇನ್ಫೋಗಳೂ ಒಂದೇ ಪೆಟ್ಟಿಗೆಗೆ ಬೀಳುತ್ತವೆ, ಮೆಣಸಿನ ದರ ಕೇಳಿದವರ ಪತ್ರವನ್ನು ಹೋಂಸ್ಟೇ ನೋಡಿಕೊಳ್ಳುವವರು ಓದುತ್ತಾರೆ. ‘ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್’ ಎಂಬ ಸಾಲಿನಲ್ಲಿ ಬರೆದರೆ ಪೂರ್ಣ ವಿಳಾಸವೇ ಹೆಸರಾಗುತ್ತದೆ. ಶಿರಸಿ ತಾಲ್ಲೂಕಿನಲ್ಲಿ ಗಣಪತಿ ಹೆಗಡೆ ಎಂಬ ಹೆಸರು ಊರೂರಿಗೂ ಇದ್ದರೂ ಊರಿನ ಹೆಸರು ಬರೆದಿರುವುದರಿಂದ ಅಂಚೆಯವರು ಗೊಂದಲಕ್ಕೆ ಬೀಳುವುದಿಲ್ಲವಲ್ಲ, ಇದೂ ಹಾಗೆಯೇ. ಮೈಡೆಸ್ಟಿನೇಶನ್‌ನಲ್ಲಿ ಲೋಕಲ್‌ಹೋಸ್ಟ್ ಮತ್ತು ಸರ್ವರಿನ ಸ್ವಂತ ಹೆಸರು ಮಾತ್ರ ಉಳಿಯಲಿ. ಒಂದೇ ಡೊಮೇನ್ ಎರಡೂ ಸಾಲುಗಳಲ್ಲಿ ಎಂದಿಗೂ ಇರಬಾರದು. ಇದ್ದರೆ ಪೋಸ್ಟ್‌ಫಿಕ್ಸ್ ತನ್ನ ದಿನಚರಿ ಕಡತವಾದ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ, ಆದರೆ ಲಾಗ್ ನೋಡದವರಿಗೆ ಅದು ಕಾಣುವುದಿಲ್ಲ.

ಪತ್ರಪೆಟ್ಟಿಗೆಗಳನ್ನು ನೋಡಿಕೊಳ್ಳುವ ಡವ್‌ಕಾಟ್ ತಂತ್ರಾಂಶದಲ್ಲಿ ಪತ್ರಗಳನ್ನು ಡೊಮೇನಿಗೊಂದು ಕಡತಕೋಶ, ಅದರೊಳಗೆ ಬಳಕೆದಾರರಿಗೊಂದು ಕಡತಕೋಶ ಎಂಬಂತೆ ಇಡಿ. ಲಾಗಿನ್‌ಗೆ ಪೂರ್ಣ ಇಮೇಲ್ ವಿಳಾಸವನ್ನೇ ಬಳಸಿ. ಮುಂದೆ ತಮ್ಮನವರ ವ್ಯವಹಾರ ಬೇರೆಯಾಗಿ ಅವರು ತಮ್ಮದೇ ಸರ್ವರಿಗೆ ಹೋಗಬೇಕಾದರೆ ಅವರ ಡೊಮೇನಿನ ಕಡತಕೋಶವನ್ನು ಇಡಿಯಾಗಿ ಎತ್ತಿಕೊಡಬಹುದು. ಒಟ್ಟು ಕುಟುಂಬದ ವ್ಯವಹಾರಗಳಲ್ಲಿ ಈ ಅನುಕೂಲವನ್ನು ಮೊದಲೇ ಯೋಚಿಸಿಡುವುದು ಎಲ್ಲರಿಗೂ ನೆಮ್ಮದಿ. ಇದೇ ಕಾರಣಕ್ಕೆ ಸರ್ವರಿನ ಹೆಸರನ್ನು ಮೂರರಲ್ಲಿ ಒಂದರ ಕೆಳಗೆ ಇಡುವ ಬದಲು, ಸಾಧ್ಯವಾದರೆ, ಯಾವ ಉದ್ದಿಮೆಗೂ ಸೇರದ ನಾಲ್ಕನೆಯ ಡೊಮೇನ್ ಒಂದನ್ನು ಕೊಂಡು ಅದರ ಕೆಳಗೆ ಇಡುವುದನ್ನು ನಾನು ಇಷ್ಟಪಡುತ್ತೇನೆ.

ಐಪಿಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಗುತ್ತದೆ. ಮೂರೂ ಡೊಮೇನ್‌ಗಳ ಎಂಎಕ್ಸ್ ದಾಖಲೆಗಳು (ಪತ್ರಗಳನ್ನು ಯಾವ ಸರ್ವರಿಗೆ ತಲುಪಿಸಬೇಕೆಂದು ಹೇಳುವವು) ಆ ಒಂದೇ ಸರ್ವರ್ ಹೆಸರನ್ನು ತೋರಿಸಲಿ. ಎಂಎಕ್ಸ್‌ನಲ್ಲಿ ಐಪಿ ಸಂಖ್ಯೆಯನ್ನು ಬರೆಯುವಂತಿಲ್ಲ, ಸಿನೇಮ್ (ಇನ್ನೊಂದು ಹೆಸರಿನ ಅಡ್ಡಹೆಸರು) ಆಗಿರುವ ಹೆಸರನ್ನೂ ಬರೆಯುವಂತಿಲ್ಲ. ಆ ಹೆಸರಿನಿಂದ ಐಪಿಗೆ, ಐಪಿಯಿಂದ ಪಿಟಿಆರ್ ಮೂಲಕ ಅದೇ ಹೆಸರಿಗೆ ದಾರಿ ಸರಿಯಾಗಿ ಸೇರಬೇಕು, ಸರ್ವರ್ ಮಾತು ಆರಂಭಿಸುವಾಗ ‘ಹೆಲೋ’ದಲ್ಲಿ ಹೇಳಿಕೊಳ್ಳುವ ಹೆಸರೂ ಅದೇ ಆಗಿರಬೇಕು. ಪಿಟಿಆರ್ ಪತ್ರದ ಡೊಮೇನಿಗೆ ಹೊಂದಬೇಕು ಎಂಬ ತಪ್ಪು ತಿಳಿವಳಿಕೆಯಿಂದಲೇ ಡೊಮೇನಿಗೊಂದು ಐಪಿ ಬೇಕೆಂಬ ಸಲಹೆ ಹರಡಿದೆ. ಅದು ಹೊಂದಬೇಕಾದದ್ದು ಸರ್ವರಿನ ಹೆಸರಿಗೆ ಮಾತ್ರ. ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಪ್ರಮಾಣಪತ್ರವೂ ಹಾಗೆಯೇ: ಎಲ್ಲರ ಫೋನಿನಲ್ಲೂ ಅದೇ ಸರ್ವರ್ ಹೆಸರನ್ನು ಕೊಟ್ಟು, 993 ಮತ್ತು 465 ಅಥವಾ 587ನೆಯ ಪೋರ್ಟುಗಳನ್ನು ಬಳಸಿದರೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಒಂದು ಪ್ರಮಾಣಪತ್ರ ಸಾಕು. ವಿಪಿಎಸ್‌ನಲ್ಲಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇದ್ದು ಅದಕ್ಕೆ ಪಿಟಿಆರ್ ಇಲ್ಲದಿದ್ದರೆ ಪೋಸ್ಟ್‌ಫಿಕ್ಸನ್ನು ಹಳೆಯ ಬಗೆಯ ಐಪಿವಿ4ಕ್ಕೆ ಸೀಮಿತಗೊಳಿಸಿ. ಇಲ್ಲವಾದರೆ ಜಿಮೇಲ್ ನಿಮ್ಮ ಪತ್ರಗಳನ್ನು ಕೆಲವೊಮ್ಮೆ ಸ್ವೀಕರಿಸಿ ಕೆಲವೊಮ್ಮೆ ತಿರಸ್ಕರಿಸುವುದನ್ನು ಕಂಡು ಕಾರಣ ಹುಡುಕುತ್ತ ಕೂರಬೇಕಾಗುತ್ತದೆ.

ಡೊಮೇನಿಗೊಂದರಂತೆ ಬೇಕಾಗುವುದು ಮೂರು ದಾಖಲೆಗಳು: ಎಸ್‌ಪಿಎಫ್ (ಈ ಡೊಮೇನಿನ ಪತ್ರವನ್ನು ಯಾವ ಸರ್ವರುಗಳು ಕಳುಹಿಸಬಹುದೆಂಬ ಪಟ್ಟಿ), ಡಿಕೆಐಎಂ (ಪತ್ರದ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಕೀಲಿ), ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕು, ವರದಿ ಎಲ್ಲಿಗೆ ಕಳುಹಿಸಬೇಕು ಎಂಬ ಸೂಚನೆ). 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಎಲ್ಲ ಕಳುಹಿಸುವವರಿಂದಲೂ ಎಸ್‌ಪಿಎಫ್ ಅಥವಾ ಡಿಕೆಐಎಂನಲ್ಲಿ ಒಂದನ್ನಾದರೂ ಕೇಳುತ್ತಿವೆ. ದಿನಕ್ಕೆ ಜಿಮೇಲ್‌ಗೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ ಮೂರನ್ನೂ ಕಡ್ಡಾಯ ಮಾಡಿದೆ. ನೀವು ಆ ಸಂಖ್ಯೆಯ ಹತ್ತಿರಕ್ಕೂ ಹೋಗುವುದಿಲ್ಲ, ಆದರೂ ಮೂರನ್ನೂ ಹಾಕಿಬಿಡಿ. ಎಸ್‌ಪಿಎಫ್‌ನಲ್ಲಿ ಗಮನಿಸಬೇಕಾದದ್ದು ಸ್ವಲ್ಪವೇ: ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು, ಎರಡಿದ್ದರೆ ಎರಡೂ ಕೆಲಸಕ್ಕೆ ಬಾರವು, ಅದನ್ನು ಪರಿಶೀಲಿಸಲು ಬೇಕಾಗುವ ಡಿಎನ್‌ಎಸ್ ಹುಡುಕಾಟಗಳು 10ನ್ನು ಮೀರಬಾರದು, ಮತ್ತು ನಿಮ್ಮ ಹೋಂಸ್ಟೇ ಜಾಲತಾಣದ ವಿಚಾರಣೆ ಫಾರ್ಮ್ ಬೇರೆ ಸರ್ವರಿನಿಂದ ಪತ್ರ ಕಳುಹಿಸುತ್ತಿದ್ದರೆ ಅದರ ವಿಳಾಸವೂ ಸೇರಿರಬೇಕು.

ಡಿಕೆಐಎಂನಲ್ಲಿ ಮಾತ್ರ ನಿಧಾನವಾಗಿ ನಡೆಯಿರಿ. ಒಂದೇ ಸರ್ವರ್ ತಾನೇ ಎಂದು ಮೂರೂ ಡೊಮೇನ್‌ಗಳ ಪತ್ರಗಳಿಗೆ ಮೊದಲ ಡೊಮೇನಿನ ಹೆಸರಿನಲ್ಲಿ ಸಹಿ ಹಾಕಿಸುವವರಿದ್ದಾರೆ. ಸಹಿ ತಾಂತ್ರಿಕವಾಗಿ ಸರಿಯಾಗಿಯೇ ಇರುತ್ತದೆ, ಪರೀಕ್ಷೆಯಲ್ಲಿ ‘ಪಾಸ್’ ಎಂದೂ ಬರುತ್ತದೆ. ಆದರೆ ಡಿಮಾರ್ಕ್ ನೋಡುವುದು, ‘ಇಂದ’ ಎಂಬ ಸಾಲಿನಲ್ಲಿ ಓದುಗರಿಗೆ ಕಾಣುವ ಡೊಮೇನಿಗೂ ಸಹಿಯ ಡೊಮೇನಿಗೂ ಹೊಂದಾಣಿಕೆ ಇದೆಯೇ ಎಂಬುದನ್ನು. ಹೋಂಸ್ಟೇಯ ಪತ್ರಕ್ಕೆ ಅಡಿಕೆ ವ್ಯಾಪಾರದ ಸಹಿ ಇದ್ದರೆ ಆ ಹೊಂದಾಣಿಕೆ ಇರುವುದಿಲ್ಲ, ಆಗ ಎಸ್‌ಪಿಎಫ್ ಒಂದರ ಮೇಲೆಯೇ ಎಲ್ಲವೂ ನಿಂತಿರುತ್ತದೆ. ಪತ್ರವನ್ನು ಯಾರಾದರೂ ಮುಂದಕ್ಕೆ ರವಾನಿಸಿದೊಡನೆ ಅದೂ ಮುರಿಯುತ್ತದೆ. ಆದ್ದರಿಂದ ಸಹಿ ಹಾಕಲು ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ ತಂತ್ರಾಂಶ ಬಳಸಿದರೂ ಓಪನ್‌ಡಿಕೆಐಎಂ ಬಳಸಿದರೂ ಡೊಮೇನಿಗೊಂದು ಕೀಲಿ ಮಾಡಿ, ‘ಇಂದ’ ಸಾಲಿನ ಡೊಮೇನಿನ ಪ್ರಕಾರ ಸಹಿ ಆಗುವಂತೆ ಹೊಂದಿಸಿ. ಕೀಲಿ 2048 ಬಿಟ್‌ನದಿರಲಿ. ಅಷ್ಟು ಉದ್ದದ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನ 255 ಅಕ್ಷರಗಳ ಒಂದು ತುಂಡಿನಲ್ಲಿ ಹಿಡಿಯದಿರುವುದರಿಂದ ಉದ್ಧರಣ ಚಿಹ್ನೆಗಳೊಳಗೆ ಎರಡು ತುಂಡು ಮಾಡಿ ಬರೆಯಬೇಕಾಗಬಹುದು. ಕೆಲವು ಡೊಮೇನ್ ಮಾರಾಟಗಾರರ ಫಲಕಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಸದ್ದಿಲ್ಲದೆ ಬಾಲವನ್ನು ಕತ್ತರಿಸಿಬಿಡುತ್ತವೆ. ಬರೆದ ಮೇಲೆ ಹೊರಗಿನಿಂದ ಓದಿ ನೋಡದೆ ಬಿಡಬೇಡಿ.

ಡಿಮಾರ್ಕನ್ನು ಮೊದಲು ಕ್ರಮವೇನೂ ಬೇಡವೆಂಬ ‘ನನ್’ ನೀತಿಯಿಂದ ಆರಂಭಿಸಿ, ಕೆಲವು ವಾರ ವರದಿಗಳನ್ನು ಓದಿ, ನಿಮ್ಮದೇ ಪತ್ರಗಳೆಲ್ಲ ಸರಿಯಾಗಿ ಹೋಗುತ್ತಿವೆ ಎಂದು ಖಚಿತವಾದ ಬಳಿಕ, ಅನುಮಾನದ ಪತ್ರವನ್ನು ಸ್ಪ್ಯಾಮ್‌ಗೆ ತಳ್ಳುವ ‘ಕ್ವಾರಂಟೈನ್’ಗೆ ಏರಿಸಿ. ಹಲವು ಡೊಮೇನ್ ಇರುವವರಿಗೆ ಇಲ್ಲಿ ಒಂದು ಗುಪ್ತ ಮೆಟ್ಟಿಲಿದೆ. ಮೂರೂ ಡೊಮೇನ್‌ಗಳ ವರದಿಗಳು ಮೊದಲ ಡೊಮೇನಿನ ಒಂದೇ ವಿಳಾಸಕ್ಕೆ ಬರಲಿ ಎಂದು ಬರೆಯುವುದು ಸಹಜ. ಆದರೆ ಬೇರೆ ಡೊಮೇನಿನ ವರದಿಯನ್ನು ಸ್ವೀಕರಿಸಲು ತಾನು ಒಪ್ಪಿದ್ದೇನೆ ಎಂಬ ಇನ್ನೊಂದು ಟಿಎಕ್ಸ್‌ಟಿ (ಪಠ್ಯರೂಪದ ಡಿಎನ್‌ಎಸ್) ದಾಖಲೆಯನ್ನು ಮೊದಲ ಡೊಮೇನಿನ ಕೆಳಗೆ ಹಾಕದಿದ್ದರೆ ನಿಯಮ ಪಾಲಿಸುವ ಸರ್ವರುಗಳು ಆ ವರದಿಗಳನ್ನು ಕಳುಹಿಸುವುದೇ ಇಲ್ಲ. ವರದಿ ಬಾರದಿರುವುದನ್ನು ಕಂಡು ಎಲ್ಲವೂ ಚೆನ್ನಾಗಿದೆ ಎಂದು ತಿಳಿಯಬಾರದು.

ಹಂಚಿಕೊಂಡ ಹೆಸರಿನ ವಿಷಯಕ್ಕೆ ಬರೋಣ, ನನ್ನ ಮನಸ್ಸಿಗೆ ಅತ್ಯಂತ ಮುಖ್ಯವೆನಿಸುವುದು ಇದು. ಮೂರರಲ್ಲಿ ಯಾರೋ ಒಬ್ಬರ ಪಾಸ್‌ವರ್ಡ್ ಕಳುವಾಗಿ ಒಂದು ರಾತ್ರಿಯಲ್ಲಿ ಸಾವಿರಾರು ಸ್ಪ್ಯಾಮ್ ಪತ್ರಗಳು ಹೊರಟವೆಂದರೆ ಕಪ್ಪುಪಟ್ಟಿಗೆ ಸೇರುವುದು ಐಪಿ, ಅಂದರೆ ಮೂರೂ ಉದ್ದಿಮೆಗಳು. ಆದ್ದರಿಂದ ಒಬ್ಬ ಬಳಕೆದಾರರು ಗಂಟೆಗೆ ಇಷ್ಟೇ ಪತ್ರ ಕಳುಹಿಸಬಹುದು ಎಂಬ ಮಿತಿ ಹಾಕಿ. ಸಣ್ಣ ವ್ಯಾಪಾರಕ್ಕೆ ಐವತ್ತರ ಮಿತಿ ಧಾರಾಳ. ಲಾಗಿನ್ ಆದವರು ತಮ್ಮ ವಿಳಾಸದಿಂದ ಮಾತ್ರ ಬರೆಯುವಂತೆ ಪೋಸ್ಟ್‌ಫಿಕ್ಸ್‌ನ ‘ಸೆಂಡರ್ ಲಾಗಿನ್ ಮ್ಯಾಪ್ಸ್’ ಪಟ್ಟಿಯನ್ನೂ ಅದಕ್ಕೆ ಹೊಂದದ ಪತ್ರವನ್ನು ತಿರಸ್ಕರಿಸುವ ನಿಯಮವನ್ನೂ ಸೇರಿಸಿ. ಇದಿಲ್ಲದಿದ್ದರೆ ಹೋಂಸ್ಟೇಯ ಸಿಬ್ಬಂದಿಯ ಖಾತೆಯಿಂದ ಅಡಿಕೆ ವ್ಯಾಪಾರದ ಲೆಕ್ಕ ವಿಭಾಗದ ಹೆಸರಿನಲ್ಲಿ ‘ಹಣ ಈ ಖಾತೆಗೆ ಹಾಕಿ’ ಎಂಬ ಪತ್ರ ಹೊರಡಬಹುದು, ಮತ್ತು ಅದಕ್ಕೆ ನಿಮ್ಮ ಸರ್ವರೇ ಸರಿಯಾದ ಸಹಿ ಹಾಕಿ ಕಳುಹಿಸುತ್ತದೆ.

ಇಲ್ಲದ ವಿಳಾಸಕ್ಕೆ ಬಂದ ಪತ್ರವನ್ನು ಬಾಗಿಲಲ್ಲೇ ತಿರಸ್ಕರಿಸಬೇಕು. ಒಳಗೆ ತೆಗೆದುಕೊಂಡು ಆಮೇಲೆ ಹಿಂದಿರುಗಿಸಿದರೆ ಆ ಬೌನ್ಸ್ ಹೆಸರು ಕದಿಯಲ್ಪಟ್ಟ ಅಮಾಯಕರಿಗೆ ಹೋಗಿ ಮುಟ್ಟುತ್ತದೆ. ಎಲ್ಲ ವಿಳಾಸಗಳನ್ನೂ ಒಂದು ಪೆಟ್ಟಿಗೆಗೆ ಬೀಳಿಸುವ ಕ್ಯಾಚ್‌ಆಲ್ ಬೇಡವೇ ಬೇಡ, ಆದರೆ ಪ್ರತಿ ಡೊಮೇನಿನಲ್ಲೂ ‘ಪೋಸ್ಟ್‌ಮಾಸ್ಟರ್’ ಮತ್ತು ‘ಅಬ್ಯೂಸ್’ ವಿಳಾಸಗಳು ಇರಲಿ, ಅವು ನಿಮಗೆ ತಲುಪಲಿ. ಹೋಂಸ್ಟೇಯ ಪತ್ರಗಳನ್ನು ತಾನಾಗಿ ಜಿಮೇಲ್‌ಗೆ ರವಾನಿಸುವ ಆಸೆಯನ್ನೂ ಬಿಟ್ಟುಬಿಡಿ: ರವಾನೆಯಾಗುವ ಸ್ಪ್ಯಾಮ್ ಎಲ್ಲ ನಿಮ್ಮ ಐಪಿಯ ಲೆಕ್ಕಕ್ಕೆ ಸೇರುತ್ತದೆ. ಆಂಡ್ರಾಯ್ಡ್ ಫೋನಿನ ಜಿಮೇಲ್ ಆ್ಯಪ್‌ನಲ್ಲಿಯೇ ಐಮ್ಯಾಪ್ (ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಓದುವ ವಿಧಾನ) ಖಾತೆಯಾಗಿ ಸೇರಿಸಿದರೆ ಅದೇ ಅನುಕೂಲ ಸಿಗುತ್ತದೆ.

ಯಂತ್ರದ ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಪ್ಪತ್ತು ಪೆಟ್ಟಿಗೆಗಳವರೆಗೆ, ಆರ್‌ಸ್ಪ್ಯಾಮ್‌ಡಿ ಸೇರಿ, 2 ಜಿಬಿ ಮೆಮೊರಿ ಸಾಕು. ವೈರಸ್ ಹುಡುಕುವ ಕ್ಲಾಮ್‌ಎವಿ ಬೇಕಾದರೆ ಅದೊಂದೇ 1 ಜಿಬಿಗಿಂತ ಹೆಚ್ಚು ತಿನ್ನುತ್ತದೆ. ಲಾಗ್‌ಗಳನ್ನು ಡೆಬಿಯನ್ ಲಿನಕ್ಸ್ ಸಾಮಾನ್ಯವಾಗಿ ನಾಲ್ಕು ವಾರ ಮಾತ್ರ ಇಡುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು 180 ದಿನಗಳ ಲಾಗ್ ಕೇಳುವುದರಿಂದ ಆ ಅವಧಿಯನ್ನು ಮೊದಲೇ ಹೆಚ್ಚಿಸಿಕೊಳ್ಳಿ. ನಿಮ್ಮ ಅಂಗಡಿಯ ಲಿನಕ್ಸ್ ಯಂತ್ರಕ್ಕೆ ಯೋಗ್ಯವಾದ ಕೆಲಸವೂ ಇದೆ: ಪ್ರತಿ ರಾತ್ರಿ ವಿಪಿಎಸ್‌ನ ಪತ್ರಗಳ ಪ್ರತಿಯನ್ನು ತಾನೇ ಎಳೆದುಕೊಂಡು ಇಡುವುದು. ಒಂದು ರಾತ್ರಿ ವಿದ್ಯುತ್ ಇಲ್ಲದಿದ್ದರೆ ಮರುದಿನ ಎಳೆದುಕೊಳ್ಳುತ್ತದೆ, ಯಾರ ಕೆಲಸವೂ ನಿಲ್ಲುವುದಿಲ್ಲ.

ವಾರಕ್ಕೊಮ್ಮೆಯಾದರೂ ಲಾಗ್ ಓದುವ ಒಬ್ಬರು ಮನೆಯಲ್ಲಿ ಇಲ್ಲವೆಂದಾದರೆ, ಪೆಟ್ಟಿಗೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು ಸಿದ್ಧ ಸೇವೆಯನ್ನೇ ಪಡೆಯಿರಿ. ಹಣಕ್ಕಿಂತ ನಿಗಾ ಇಲ್ಲಿ ದುಬಾರಿ. ನೀವೇ ನಡೆಸುವುದಾದರೆ ಮೂರನ್ನೂ ಒಂದೇ ದಿನ ಸ್ಥಳಾಂತರಿಸಬೇಡಿ. ಇನ್ನೂ ಗಿರಾಕಿಗಳು ಕಡಿಮೆ ಇರುವ ತಮ್ಮನವರ ಡೊಮೇನಿನಿಂದ ಆರಂಭಿಸಿ, ಎರಡು ಮೂರು ವಾರ ಜಿಮೇಲ್‌ಗೂ ಔಟ್‌ಲುಕ್‌ಗೂ ನಿಜವಾದ ಪತ್ರವ್ಯವಹಾರ ನಡೆಸಿ ಹೊಸ ಐಪಿಗೆ ಸ್ವಲ್ಪ ಹೆಸರು ಬರಲಿ, ಆಮೇಲೆ ಹೋಂಸ್ಟೇ, ಕೊನೆಗೆ ಅಡಿಕೆ ವ್ಯಾಪಾರ. ಪ್ರತಿಯೊಂದನ್ನೂ ಬದಲಿಸುವ ಎರಡು ದಿನ ಮೊದಲು ಎಂಎಕ್ಸ್‌ನ ಟಿಟಿಎಲ್ ಅನ್ನು (ಇತರ ಸರ್ವರುಗಳು ಆ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ, ಹಳೆಯ ಪತ್ರಗಳನ್ನು ಪತ್ರಪೆಟ್ಟಿಗೆಗಳನ್ನು ನಕಲಿಸುವ ಐಮ್ಯಾಪ್‌ಸಿಂಕ್ ತಂತ್ರಾಂಶದಿಂದ ತನ್ನಿ, ಬದಲಾದ ಒಂದು ವಾರದ ನಂತರ ಅದನ್ನೇ ಇನ್ನೊಮ್ಮೆ ಓಡಿಸಿ. ಹಳೆಯ ಪೆಟ್ಟಿಗೆಗಳಿಗೆ ಹೊಸ ಪತ್ರ ಬರುವುದು ಪೂರ್ತಿ ನಿಂತಿದೆ ಎಂದು ಕಂಡ ಮೇಲಷ್ಟೇ ಹಳೆಯ ಖಾತೆಯನ್ನು ಮುಚ್ಚಿ.