ಬೆಚ್ಚಿಬಿದ್ದ ಸೈನಿಕನ ಕಣ್ಣು

1/35 ಅಳತೆಯ (ಅಂದರೆ ನಿಜ ಗಾತ್ರದ ಮೂವತ್ತೈದನೇ ಒಂದು ಭಾಗದ) ಬ್ರಿಟಿಷ್ ಸೈನಿಕನ ಪುಟ್ಟ ಗೊಂಬೆಗೆ ಬಣ್ಣದಲ್ಲಿ ಕಣ್ಣು ಬರೆದರೆ ದೆವ್ವ ಕಂಡವನ ಹಾಗೆ ಕಾಣುತ್ತಾನೆ ಅಂದಿದ್ದೀರಿ. ನನ್ನ ಮೊದಲ ನಾಲ್ಕೈದು ಸೈನಿಕರೂ ಹಾಗೇ ಇದ್ದರು! ಹೆಚ್ಚಾಗಿ ತಪ್ಪು ಅಚ್ಚ ಬಿಳಿಯದ್ದು. ನಿಜವಾದ ಕಣ್ಣಿನ ಅಗಲ ಸುಮಾರು 30 ಮಿ.ಮೀ. ಈ ಅಳತೆಯಲ್ಲಿ ಅದು 1 ಮಿ.ಮೀ. ಕೂಡ ಇಲ್ಲ. ಅಷ್ಟು ಜಾಗದಲ್ಲಿ ಬಿಳಿ ತೀರಾ ಎದ್ದು ಕಾಣುತ್ತದೆ. ಅದಕ್ಕೆ ಸ್ವಲ್ಪ ಚರ್ಮದ ಬಣ್ಣ ಬೆರೆಸಿ.

ಕಣ್ಣಿನ ಪಾಪೆ ನಡುವೆ ಚುಕ್ಕೆಯಂತೆ ತೇಲಬಾರದು, ಮೇಲಿನ ರೆಪ್ಪೆಗೆ ತಾಗಿರಬೇಕು. ರೆಪ್ಪೆಯ ಗೆರೆಗೆ ಕಪ್ಪು ಬೇಡ, ಕಡು ಕಂದು ಸಾಕು. ಮುಖಕ್ಕಿಂತ ಮೊದಲು ಕಣ್ಣು ಬರೆಯಿರಿ. ಆಚೀಚೆ ಹೋದದ್ದನ್ನು ಆಮೇಲೆ ಚರ್ಮದ ಬಣ್ಣದಲ್ಲೇ ಮುಚ್ಚಬಹುದು, ಅಲ್ವಾ?

ತೀರಾ ಸಣ್ಣ ಬ್ರಷ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಅದರ ತುದಿಯಲ್ಲೇ ಅಕ್ರಿಲಿಕ್ ಬಣ್ಣ ಒಣಗುತ್ತದೆ. ತುದಿ ಚೂಪಾಗಿರುವ 0 ನಂಬರಿನದೇ ವಾಸಿ.