ನನ್ನ ಗೆಲಾಕ್ಸಿಯ ಹೈಡ್ರೋಜನ್ ನಕ್ಷೆಯಲ್ಲಿ ಬರೀ ಚುಕ್ಕೆಗಳು ಕಾಣುತ್ತಿವೆ, ಜಿಎಂಆರ್‌ಟಿಯಲ್ಲಿ (ಪುಣೆ ಬಳಿಯ ರೇಡಿಯೋ ದೂರದರ್ಶಕ) ಇನ್ನಷ್ಟು ಗಂಟೆ ಕೇಳಲೇ?

ಬೇಡ. ನಿಮ್ಮ ಕೈಲಿರುವ ಡೇಟಾ ಸಾಕು. ನಾನೂ ಅದೇ ಗುಂಡಿಗೆ ಬಿದ್ದು ಎದ್ದವನು.

ನನ್ನದೂ ಲೋಹ ಕಡಿಮೆಯ ಕುಬ್ಜ ಗೆಲಾಕ್ಸಿ, ಐ ಜ್ವಿಕಿ 18 ಥರದ್ದು. ಅದರಲ್ಲಿ ಆಮ್ಲಜನಕ ಸೂರ್ಯನಲ್ಲಿರುವುದರ ಸುಮಾರು 30ರಲ್ಲಿ ಒಂದು ಪಾಲು. (ನಮ್ಮ ಲೆಕ್ಕದಲ್ಲಿ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹ, ಆಮ್ಲಜನಕವೂ ಲೋಹವೇ, ನಗಬೇಡಿ.) ಜಿಎಂಆರ್‌ಟಿ ಇರುವ ಖೋಡದ್‌ನಲ್ಲಿ ರಾತ್ರಿಯೆಲ್ಲ ಕೂತು, ಹೈಡ್ರೋಜನ್ ಹೊಮ್ಮಿಸುವ 21 ಸೆಂಟಿಮೀಟರ್ ರೇಡಿಯೋ ರೇಖೆಯ ಡೇಟಾ ತಂದಿದ್ದೆ. 30 ಡಿಶ್‌ಗಳನ್ನೂ ಸೇರಿಸಿ 5 ಆರ್ಕ್‌ಸೆಕೆಂಡ್ ಬೀಮಿನ ನಕ್ಷೆ ಮಾಡಿದೆ (ಬೀಮ್ ಅಂದರೆ ನಕ್ಷೆಯಲ್ಲಿ ಬಿಡಿಸಿ ಕಾಣುವ ಅತಿ ಚಿಕ್ಕ ತುಣುಕಿನ ಅಗಲ; ಆರ್ಕ್‌ಸೆಕೆಂಡ್ ಡಿಗ್ರಿಯ 3600ರಲ್ಲಿ ಒಂದು ಪಾಲು). ನೀಲಿ ನಕ್ಷತ್ರಗಳ ಪಕ್ಕದಲ್ಲೇ ಮೂರು ಗಂಟು ಅನಿಲ. ಏನು ಚಂದ ಅಂತೀರಿ! 'ಮೂರು ಬೇರೆ ಬೇರೆ ಮೋಡಗಳು' ಅಂತ ಬರೆದು, ಸೆಮಿನಾರ್‌ನಲ್ಲಿ ಹೇಳಿಯೂಬಿಟ್ಟೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: 'ಮೂರನ್ನೂ ಕೂಡಿದರೆ ಒಂಟಿ ಡಿಶ್ ಅಳೆದ ಫ್ಲಕ್ಸ್, ಅಂದರೆ ಗೆಲಾಕ್ಸಿಯಿಂದ ಬರುವ ಒಟ್ಟು ಸಂಕೇತ, ಬರುತ್ತಾ?' ನಾನು ಕೂಡಿಯೇ ಇರಲಿಲ್ಲ. ರಾತ್ರಿ ಕೂಡಿ ನೋಡಿದರೆ ಮೂರರಲ್ಲಿ ಒಂದು ಪಾಲೂ ಇಲ್ಲ. ಆಗಲೂ ಬುದ್ಧಿ ಬರಲಿಲ್ಲ. ಕ್ಯಾಲಿಬ್ರೇಷನ್ ಕೆಟ್ಟಿದೆ ಅಂದುಕೊಂಡು ಎರಡು ತಿಂಗಳು ಅದನ್ನೇ ತಿರುವಿ ಹಾಕಿದೆ.

ಕೆಟ್ಟಿದ್ದು ನನ್ನ ಆಸೆ. ಈ ಗೆಲಾಕ್ಸಿಗಳಲ್ಲಿ ಅನಿಲ ನಕ್ಷತ್ರಗಳಿಗಿಂತ ಎಷ್ಟೋ ದೂರ, ತೆಳ್ಳಗೆ ಹರಡಿರುತ್ತೆ. ಅದಕ್ಕೆ ಚಿಕ್ಕ ಬೀಮ್ ಹಿಡಿಯುವುದೆಂದರೆ ಸೋನೆ ಮಳೆಗೆ ಲೋಟ ಇಟ್ಟ ಹಾಗೆ. ತಳ ಒದ್ದೆಯಾಗುತ್ತೆ, ಅಷ್ಟೇ. ದೊಡ್ಡ ಬೀಮ್ ಅಂದರೆ ಹಂಡೆ: 40 ಆರ್ಕ್‌ಸೆಕೆಂಡ್ ಬೀಮಿನ ವಿಸ್ತಾರ 5ರದ್ದರ 64 ಪಟ್ಟು. ಅಂಥ ಬೀಮಿಗಾಗಿ ದೂರದ ಡಿಶ್‌ಗಳನ್ನು ಬಿಟ್ಟರೆ ನಾಯ್ಸ್ ಜಾಸ್ತಿಯಾಗುತ್ತೆ ನಿಜ, ಆದರೆ 64 ಪಟ್ಟಲ್ಲ. ಹಾಗಾಗಿ ಲೋಟದಲ್ಲಿ ನಾಯ್ಸಿನಡಿ ಮುಳುಗಿದ್ದ ಅನಿಲ ಹಂಡೆಯಲ್ಲಿ ತೇಲಿಬರುತ್ತೆ. ಒಂದೇ ರಾತ್ರಿಯ ಡೇಟಾದಿಂದ ಲೋಟ, ಹಂಡೆ ಎರಡೂ ಸಿಗಲಿ ಅಂತಲೇ ಅಲ್ಲವೇ ಜಿಎಂಆರ್‌ಟಿಯ 14 ಡಿಶ್‌ಗಳು ಸುಮಾರು ಒಂದು ಕಿಲೋಮೀಟರಿನೊಳಗೆ ಒತ್ತಾಗಿ ನಿಂತು, ಉಳಿದವು ಮೂರು ತೋಳುಗಳಲ್ಲಿ ಹರಡಿರುವುದು? ನಾನು ಹಂಡೆಯನ್ನು ಮುಟ್ಟಿಯೇ ಇರಲಿಲ್ಲ.

5 ಕಿಲೊಲ್ಯಾಮ್ಡಾ (ಐದು ಸಾವಿರ ತರಂಗಾಂತರ) ಟೇಪರ್ ಹಾಕಿ, ಅಂದರೆ ಅದಕ್ಕಿಂತ ದೂರ ದೂರ ಇರುವ ಡಿಶ್ ಜೋಡಿಗಳ ಡೇಟಾದ ತೂಕ ಇಳಿಸಿದ ದಿನ 'ಮೂರು ಮೋಡ' ಒಂದೇ ದೊಡ್ಡ ಹೊದಿಕೆಯಾಯಿತು, ಒಂದು ಕಡೆ ಬಾಲವೂ ಇತ್ತು. ಐ ಜ್ವಿಕಿ 18ಕ್ಕೂ ದಕ್ಷಿಣಕ್ಕೆ ಅಂಥ ಬಾಲವಿದೆ. ಲೋಹ ಯಾಕೆ ಕಡಿಮೆ, ಹೊಸ ಅನಿಲ ಹೊರಗಿನಿಂದ ಬಂತೇ ಅಂತ ಕೇಳಬೇಕಾದ್ದು ಆ ಬಾಲವನ್ನೇ. ನನ್ನ ಅಧ್ಯಾಯ ಪೂರ್ತಿ ಮತ್ತೆ ಬರೆಯಬೇಕಾಯಿತು.

ಇವತ್ತೇ ಟೇಪರ್ ಹಾಕಿ, ಫ್ಲಕ್ಸ್ ಕೂಡಿ. ಆಮೇಲೂ ಕಡಿಮೆ ಬಿದ್ದರೆ ಸಮಯ ಕೇಳಿ, ಆದರೆ ದೊಡ್ಡ ಒಂಟಿ ಡಿಶ್‌ನಲ್ಲಿ.